ಆಶ್‌ವಿಲ್‌ಗೆ ಬರುವವರಿಗೆ: ಮನೆಗಿಂತ ಮೊದಲು ದಾರಿ ನೋಡಿ

ನಿಮ್ಮ ಪ್ರಶ್ನೆ ಓದಿದೆ. ಯಜಮಾನರಿಗೆ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಆಶ್‌ವಿಲ್‌ನಲ್ಲಿ ಆಸ್ಪತ್ರೆ ಕೆಲಸ ಸಿಕ್ಕಿದೆ. ಮಾರ್ಚ್‌ನಲ್ಲಿ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಬರುತ್ತಿದ್ದೀರಿ. ಹೊಳೆ ಪಕ್ಕ ಒಂದು ಮನೆ ನೋಡಿಟ್ಟಿದ್ದೀರಿ, ಗುಡ್ಡದ ಮೇಲೆ ಇನ್ನೊಂದು. "2024ರಲ್ಲಿ ದೊಡ್ಡ ಪ್ರವಾಹ ಆಯ್ತಂತಲ್ಲ, ಹಿಮವೂ ಬೀಳುತ್ತಂತಲ್ಲ, ಯಾವ ಮನೆ ತಗೊಳ್ಳೋದು? ಅಮ್ಮನನ್ನು ಯಾವಾಗ ಕರೆಸೋದು?" ಅಂತ ಕೇಳಿದ್ದೀರಿ.

ನಾನು ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಊರು ತೀರ್ಥಹಳ್ಳಿ ಕಡೆ. ಮಳೆ ಅಂದರೆ ನನಗೇನು ಹೊಸದಾ, ಆಗುಂಬೆ ಪಕ್ಕದವಳು ಅನ್ನೋ ಜಂಬದಲ್ಲೇ ಬಂದವಳು. ಆ ಜಂಬ 2024ರ ಸೆಪ್ಟೆಂಬರ್ 27ರ ಬೆಳಗ್ಗೆ ಇಳಿಯಿತು.

ಮೊದಲು ಜಾಗ ಹೇಗಿದೆ ಅಂತ ಹೇಳುತ್ತೇನೆ. ಆಶ್‌ವಿಲ್ ಇರೋದು ಸುಮಾರು 2100 ಅಡಿ ಎತ್ತರದಲ್ಲಿ, ಸುತ್ತ ಬ್ಲೂ ರಿಡ್ಜ್ ಬೆಟ್ಟಗಳು. ಈಶಾನ್ಯಕ್ಕೆ ಮೌಂಟ್ ಮಿಚೆಲ್, 6684 ಅಡಿ. ಮಿಸಿಸಿಪ್ಪಿ ನದಿಯಿಂದ ಪೂರ್ವಕ್ಕೆ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಊರ ನಡುವೆ ಫ್ರೆಂಚ್ ಬ್ರಾಡ್ ನದಿ ಉತ್ತರಕ್ಕೆ ಹರಿದು ಟೆನೆಸಿಗೆ ಹೋಗುತ್ತದೆ. ಪೂರ್ವದಿಂದ ಸ್ವಾನನೋವಾ ಬಂದು ಅದಕ್ಕೆ ಸೇರುತ್ತದೆ. ಇಂಥ ಜಾಗದಲ್ಲಿ ಸಪಾಟು ನೆಲ ಅಂತ ಸಿಗೋದೇ ಹೊಳೆ ಪಕ್ಕ. ಹಾಗಾಗಿ ಹೆದ್ದಾರಿ, ರೈಲು, ನೀರಿನ ಪೈಪು, ಅಂಗಡಿ ಬೀದಿ ಎಲ್ಲವೂ ಹೊಳೆ ಗುಂಟವೇ ಬಂದಿವೆ. ಇದೊಂದು ನೆನಪಿಟ್ಟುಕೊಳ್ಳಿ, ಮುಂದೆ ಹೇಳೋದಕ್ಕೆಲ್ಲ ಇದೇ ಬುಡ.

ಇನ್ನೊಂದು ತಮಾಷೆ ಗೊತ್ತಾ? ಆಶ್‌ವಿಲ್ ಪೇಟೆಗೆ ಮಳೆ ಕಡಿಮೆ. ಸುತ್ತಲ ಬೆಟ್ಟಗಳು ಮೋಡವನ್ನು ತಡೆದು ಮೊದಲೇ ಹಿಂಡಿಬಿಡುತ್ತವೆ. ಒಂದು ಗಂಟೆ ದಾರಿ ನೈಋತ್ಯಕ್ಕೆ ಹೋದರೆ ಟ್ರಾನ್ಸಿಲ್ವೇನಿಯಾ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಹೆಚ್ಚುಕಮ್ಮಿ ಇದರ ಎರಡರಷ್ಟು ಮಳೆ. ಆದರೆ ಹೊಳೆಗೆ ನೀರು ಬರೋದು ಆ ಬೆಟ್ಟಗಳಿಂದಲೇ ಅಲ್ವಾ? ನಿಮ್ಮ ಅಂಗಳದಲ್ಲಿ ಎಷ್ಟು ಮಳೆ ಬಿತ್ತು ಅನ್ನೋದು ಹೊಳೆಗೆ ಬೇಕಿಲ್ಲ.

ಇಲ್ಲಿಂದ ಸಮುದ್ರ ನಾಲ್ಕೈದು ಗಂಟೆ ದಾರಿ. ಚಂಡಮಾರುತ ನಮಗೇನು ಮಾಡುತ್ತೆ ಅಂತಲೇ ಎಲ್ಲರೂ ಇದ್ದೆವು. ಹವಾಮಾನ ಕೆಟ್ಟರೂ ಇಲ್ಲಿ ನೆಮ್ಮದಿಯಾಗಿ ಇರಬಹುದು ಅಂತ ಹೊರಗಿನಿಂದ ಬಂದು ಮನೆ ಕೊಂಡವರೂ ಇದ್ದಾರೆ. ಹೆಲೀನ್ ಚಂಡಮಾರುತ ಗುರುವಾರ ರಾತ್ರಿ ಫ್ಲಾರಿಡಾ ತೀರ ಹತ್ತಿತು. ಅದಕ್ಕೂ ಒಂದೆರಡು ದಿನ ಮುಂಚಿನಿಂದಲೇ ಇಲ್ಲಿ ಬೇರೊಂದು ಮಳೆ ಹಿಡಿದಿತ್ತು. ಮಣ್ಣು ನೆನೆದು ಮುದ್ದೆಯಾಗಿತ್ತು. ಹಸಿ ಮಣ್ಣಿನ ಮೇಲೆ ಚಂಡಮಾರುತ ಬಂತು. ಮೂರು ದಿನಕ್ಕೆ ವಿಮಾನ ನಿಲ್ದಾಣದಲ್ಲಿ ಸುಮಾರು 14 ಇಂಚು, ಯಾನ್ಸಿ ಕೌಂಟಿಯ ಬ್ಯುಸಿಕ್‌ನಲ್ಲಿ 30 ಇಂಚಿಗೂ ಜಾಸ್ತಿ. ನಮ್ಮ ಮಲೆನಾಡಲ್ಲಿ ಇಡೀ ಆಷಾಢ ಸುರಿಯುವ ಮಳೆಯನ್ನು ಮೂರು ದಿನದಲ್ಲಿ ಸುರಿದ ಹಾಗೆ. ನಮ್ಮ ನೆಲಕ್ಕೆ ಅದರ ಅಭ್ಯಾಸ ಇದೆ. ಇಲ್ಲಿನ ಗುಡ್ಡಗಳಲ್ಲಿ ಬಂಡೆಯ ಮೇಲೆ ತೆಳ್ಳಗೆ ಮಣ್ಣು ಕೂತಿದೆ, ಅದರ ಮೇಲೆ ಎತ್ತರದ ಓಕ್ ಮರಗಳು. ನೆನೆದ ಮೇಲೆ ಹಿಡಿದುಕೊಳ್ಳೋಕೆ ಏನೂ ಇರಲ್ಲ.

ಆ ಬೆಳಗ್ಗೆ ಐದೂವರೆಗೆ ಕರೆಂಟ್ ಹೋಯಿತು. ಆಮೇಲೆ ಕೇಳಿದ್ದು ಮರಗಳ ಸದ್ದು. ಮೊದಲು ಬೇರು ಕಿತ್ತುಬರುವ ಹುಸ್ಸ್ ಅನ್ನುವ ಸದ್ದು, ಆಮೇಲೆ ನೆಲ ಅದುರುವ ಧಡ್. ಒಂದಾದ ಮೇಲೆ ಒಂದು. ಮಕ್ಕಳನ್ನು ಕರೆದುಕೊಂಡು ನೆಲಮಾಳಿಗೆಯಲ್ಲಿ ಕೂತೆವು. ಎಂಟು ಗಂಟೆಗೆ ಮೇಲೆ ಬಂದು ಕಿಟಕಿಯಿಂದ ನೋಡಿದರೆ ನಮ್ಮ ಓಣಿಯ ಬುಡದ ಮೋರಿ ಕಾಣಿಸಲಿಲ್ಲ. ಒಂದು ದೊಡ್ಡ ಮರದ ಬುಡ ಬಂದು ಪೈಪಿಗೆ ಸಿಕ್ಕಿಕೊಂಡಿತ್ತು. ನೀರು ಅದರ ಮೇಲೆ ಹತ್ತಿ ರಸ್ತೆಯನ್ನು ಕೆರೆಯುತ್ತಿತ್ತು. ಟಾರು ಬಿಸ್ಕತ್ತಿನ ಹಾಗೆ ಅಂಚಿನಿಂದ ಮುರಿದು ಮುರಿದು ಬೀಳುತ್ತಿತ್ತು. ಅರ್ಧ ಗಂಟೆಯಲ್ಲಿ ಹನ್ನೆರಡು ಅಡಿ ಅಗಲದ ಹಳ್ಳ. ವರ್ಷದಲ್ಲಿ ಹತ್ತು ತಿಂಗಳು ಮಗ ಚಪ್ಪಲಿ ನೆನೆಯದೆ ದಾಟುವ ತೊರೆ ಅದು.

ನಮ್ಮ ಮನೆಗೆ ಒಂದು ಹಂಚೂ ಹೋಗಲಿಲ್ಲ. ಆದರೆ ಆರು ಮನೆಯವರು ಗುಡ್ಡದ ಮೇಲೆ, ರಸ್ತೆ ಕೆಳಗೆ, ನಡುವೆ ಹಳ್ಳ. ಕರೆಂಟಿಲ್ಲ, ಫೋನಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಪಕ್ಕದ ಮನೆಯ ಅಜ್ಜನಿಗೆ ಆಮ್ಲಜನಕದ ಯಂತ್ರ ಬೇಕು. ಸಂಜೆ ಹೊತ್ತಿಗೆ ಒಬ್ಬರು ಏಣಿ ತಂದು ಹಳ್ಳಕ್ಕೆ ಅಡ್ಡ ಹಾಕಿದರು. ನಾಲ್ಕು ಜನ ಸೇರಿ ಅಜ್ಜನನ್ನು ಅದರ ಮೇಲೆ ದಾಟಿಸಿದೆವು.

ನಮ್ಮದು ಸಣ್ಣ ಕಥೆ. ಫೇರ್‌ವ್ಯೂ ಕಡೆ ಧರೆ ಕುಸಿದು ಒಂದೇ ಮನೆತನದ 11 ಮಂದಿ ಹೋದರು. ಸ್ವಾನನೋವಾ ಊರಿನಲ್ಲಿ ಮನೆಗಳೇ ತೇಲಿಹೋದವು. ರಾಜ್ಯದಲ್ಲಿ ಸತ್ತವರು ನೂರಕ್ಕೂ ಜಾಸ್ತಿ. ಈ ಬೆಟ್ಟಗಳಲ್ಲಿ ಧರೆ ಕುಸಿತದ ಗುರುತುಗಳು ಎರಡು ಸಾವಿರಕ್ಕೂ ಮೀರಿ ಸಿಕ್ಕಿವೆ. ಫ್ರೆಂಚ್ ಬ್ರಾಡ್ 24.67 ಅಡಿ ಏರಿತು. ಹಿಂದಿನ ದಾಖಲೆ 1916ರದ್ದು, 23.1 ಅಡಿ. ದೇಶದ ಹವಾಮಾನ ದಾಖಲೆಗಳನ್ನೆಲ್ಲ ಇಡುವ ಸರ್ಕಾರಿ ಕೇಂದ್ರ ಇರೋದೂ ಆಶ್‌ವಿಲ್‌ನಲ್ಲೇ. ಆ ಮಳೆಗೆ ಅದರ ಸೇವೆಯೂ ನಿಂತುಹೋಯಿತು.

ಹೊಸಬರು ಹೆದರೋದು ಹೊಳೆ ಉಕ್ಕುವುದಕ್ಕೆ. ಹೆದರಬೇಕಾದ್ದೇ. ಆದರೆ ಇಲ್ಲಿ ಹೆಚ್ಚು ಜನರಿಗೆ ಬಂದ ಕಷ್ಟ ಮುಳುಗಿದ್ದಲ್ಲ, ದಾರಿ ಕಡಿದುಹೋದದ್ದು. ಟೆನೆಸಿ ಕಡೆಯ ಪಿಜನ್ ನದಿ ಕಣಿವೆಯಲ್ಲಿ ಐ-40 ಹೆದ್ದಾರಿಯ ಒಂದು ಪಕ್ಕವೇ ಹೊಳೆಗೆ ಬಿತ್ತು. 2025ರ ಮಾರ್ಚ್ 1ಕ್ಕೆ ಮತ್ತೆ ಬಿಟ್ಟರು, ಅದೂ ಆ ಕಡೆಗೊಂದು ಸಾಲು ಈ ಕಡೆಗೊಂದು ಸಾಲು. ಅದೇ ಕಣಿವೆಯಲ್ಲಿ 2009ರ ಅಕ್ಟೋಬರ್‌ನಲ್ಲಿ ಬಂಡೆ ಜಾರಿ ಆರು ತಿಂಗಳು ರಸ್ತೆ ಮುಚ್ಚಿತ್ತು. ಟೆನೆಸಿಯ ಅರ್ವಿನ್ ಹತ್ತಿರ ಐ-26ರ ಸೇತುವೆಗಳು ಹೋದವು. ಕೆಲವು ಬೆಟ್ಟದ ಮನೆಗಳಿಗೆ ಹೇಸರಗತ್ತೆಗಳ ಮೇಲೆ ಔಷಧಿ, ಊಟ ಸಾಗಿಸಿದರು. ಅಮೆರಿಕದಲ್ಲಿ, 2024ರಲ್ಲಿ.

ನೀರಿನ ಕಥೆ ಬೇರೆ. ಆಶ್‌ವಿಲ್‌ಗೆ ನೀರು ಬರೋದು ಮುಖ್ಯವಾಗಿ ನಾರ್ತ್ ಫೋರ್ಕ್ ಜಲಾಶಯದಿಂದ. 2004ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿಸ್, ಐವನ್ ಅಂತ ಎರಡು ಚಂಡಮಾರುತಗಳ ಮಳೆ ಹತ್ತೇ ದಿನದಲ್ಲಿ ಬಂದು ದೊಡ್ಡ ಪೈಪು ಕಿತ್ತುಹೋಗಿತ್ತು. ಬುದ್ಧಿ ಕಲಿತು ಆಮೇಲೆ ಇನ್ನೊಂದು ಪೈಪನ್ನು ತುಂಬ ಆಳದಲ್ಲಿ ಹೂತಿದ್ದರು. ಈ ಸಲ ಅದೂ ಹೋಯಿತು. ಅಕ್ಟೋಬರ್ ಮಧ್ಯದಲ್ಲಿ ನಲ್ಲಿಯಲ್ಲಿ ನೀರು ಬಂತು, ಚಹಾದ ಬಣ್ಣದ್ದು. ಕುಡಿಯಬಹುದು ಅಂತ ಹೇಳಿದ್ದು ನವೆಂಬರ್ 18ಕ್ಕೆ, 53 ದಿನ ಆದ ಮೇಲೆ. ನಲ್ಲಿ ನೀರು ಬರುವ ತನಕ ತೊರೆಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ಕಕ್ಕಸಿಗೆ ಸುರಿದೆವು. ಚಿಕ್ಕಂದಿನಲ್ಲಿ ಬಾವಿ ನೀರು ಸೇದಿದ ಕೈಗೆ ಅದು ಕಷ್ಟ ಆಗಲಿಲ್ಲ. ನನ್ನ ಮಕ್ಕಳಿಗೆ ಮಾತ್ರ ಒಂದು ಸಲ ಫ್ಲಶ್ ಮಾಡಲು ಎಷ್ಟು ನೀರು ಬೇಕು ಅಂತ ಚೆನ್ನಾಗಿ ಗೊತ್ತಾಯಿತು. ನಾಲ್ಕನೇ ದಿನ ಐ-26 ಹಿಡಿದು ದಕ್ಷಿಣಕ್ಕೆ, ಸೌತ್ ಕೆರೊಲಿನಾದ ಗ್ರೀನ್‌ವಿಲ್‌ನ ಸ್ನೇಹಿತರ ಮನೆಗೆ ಹೋದೆವು. ಬಿಸಿನೀರಿನ ಸ್ನಾನ, ಅನ್ನ ಸಾರು. ಬಾಗಿಲಲ್ಲೇ ಅತ್ತುಬಿಟ್ಟೆ.

"ಸಾವಿರ ವರ್ಷಕ್ಕೊಂದು ಸಲ ಬರೋ ಮಳೆ, ಮುಗೀತು, ಇನ್ನು ಬರಲ್ಲ" ಅಂತ ಯಾರಾದರೂ ನಿಮಗೆ ಮನೆ ಮಾರುವಾಗ ಹೇಳಬಹುದು. ಕಿವಿಗೆ ಹಾಕಿಕೊಳ್ಳಬೇಡಿ. 1916ರ ಜುಲೈನಲ್ಲೂ ಹೀಗೇ ಆಗಿತ್ತು. ಒಂದು ಚಂಡಮಾರುತ ನೆಲ ನೆನೆಸಿತು, ವಾರದೊಳಗೆ ಇನ್ನೊಂದು ಬಂತು. ಆಲ್ಟಾಪಾಸ್ ಅನ್ನುವಲ್ಲಿ ಒಂದೇ ದಿನಕ್ಕೆ 22 ಇಂಚು. 1940ರಲ್ಲಿ ಒಮ್ಮೆ, 2004ರಲ್ಲಿ ಒಮ್ಮೆ. "ನೂರು ವರ್ಷದ ಪ್ರವಾಹ" ಅಂದರೆ ಪ್ರತಿ ವರ್ಷ ನೂರಕ್ಕೆ ಒಂದರಷ್ಟು ಸಾಧ್ಯತೆ ಅಂತ ಅರ್ಥ. ಮೂವತ್ತು ವರ್ಷದ ಸಾಲ ತೀರುವಷ್ಟರಲ್ಲಿ ಅದು ನೂರಕ್ಕೆ 26 ಆಗುತ್ತದೆ. ಈ ಲೆಕ್ಕ ನನಗೂ 2024ರ ತನಕ ಗೊತ್ತಿರಲಿಲ್ಲ.

ಈಗ ಚಳಿಗಾಲ. ನೀವು ಹಿಮ ಎಷ್ಟು ಬೀಳುತ್ತೆ ಅಂತ ಕೇಳಿದ್ದೀರಿ. ಪೇಟೆಯಲ್ಲಿ ವರ್ಷಕ್ಕೆ ಸರಾಸರಿ ಹತ್ತು ಹನ್ನೆರಡು ಇಂಚು, ಅಷ್ಟೇ. ಬಫಲೋ, ಬಾಸ್ಟನ್ ಕಡೆಯವರು ನಗುತ್ತಾರೆ. ನಗಲಿ. ನಮ್ಮ ತೊಂದರೆ ಹಿಮ ಅಲ್ಲ, ಐಸ್. ಉತ್ತರದ ತಣ್ಣನೆ ಗಾಳಿ ಬೆಟ್ಟದ ಪೂರ್ವದ ಬುಡಕ್ಕೆ ಬಂದು ಒರಗಿ ಕೂತುಬಿಡುತ್ತದೆ. ಅದರ ಮೇಲೆ ಬೆಚ್ಚನೆ ಗಾಳಿ ಹರಿಯುತ್ತದೆ. ಮೇಲಿಂದ ಬರೋದು ಮಳೆಯೇ. ಆದರೆ ಕೆಳಗೆ ಏನಕ್ಕೆ ತಾಗಿದರೂ ಅಲ್ಲೇ ಹೆಪ್ಪುಗಟ್ಟುತ್ತದೆ. ರಸ್ತೆ, ಮೆಟ್ಟಿಲು, ಕಾರಿನ ಬಾಗಿಲು, ತಂತಿ. ಬೆಳಗ್ಗೆ ಎದ್ದು ನೋಡಿದರೆ ಒಂದೊಂದು ಕಡ್ಡಿಗೂ ಗಾಜಿನ ಬಳೆ ತೊಡಿಸಿದ ಹಾಗೆ. ಗಾಳಿ ಬೀಸಿದರೆ ಬಳೆ ಸದ್ದೂ ಬರುತ್ತದೆ. ಚೆಂದ ಅಂತ ಫೋಟೊ ತೆಗೆಯುತ್ತಾ ಮರದ ಕೆಳಗೆ ನಿಲ್ಲಬೇಡಿ, ಕೊಂಬೆ ಬೀಳುತ್ತದೆ. ತಂತಿಯೂ ಬೀಳುತ್ತದೆ, ಕರೆಂಟ್ ಎರಡು ಮೂರು ದಿನ ಹೋಗುತ್ತದೆ.

ಐಸ್ ಬೀಳದೆಯೂ ಜಾರುತ್ತದೆ. ಹಗಲು ಕರಗಿದ ಹಿಮದ ನೀರು ರಸ್ತೆಗೆ ಅಡ್ಡ ಹರಿದು ರಾತ್ರಿ ಗಟ್ಟಿಯಾಗುತ್ತದೆ. ಕಣ್ಣಿಗೆ ಬರೀ ಒದ್ದೆ ಟಾರು ಕಂಡ ಹಾಗೆ ಕಾಣುತ್ತದೆ. ನನ್ನ ಎರಡನೇ ಚಳಿಗಾಲದಲ್ಲಿ ನಮ್ಮ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಚಕ್ರ ನಿಂತಿತು, ಕಾರು ನಿಲ್ಲಲಿಲ್ಲ. ನಿಧಾನಕ್ಕೆ, ತುಂಬ ಮರ್ಯಾದೆಯಿಂದ, ಪಕ್ಕದವರ ಅಂಚೆ ಡಬ್ಬಿ ತನಕ ಹೋಗಿ ಒರಗಿತು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರು ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಹತ್ತೋಕೆ ಒಳ್ಳೆಯದೇ, ಇಳಿಯುವಾಗ ಅದರಿಂದ ಪ್ರಯೋಜನ ಇಲ್ಲ. ಟೈರ್ ಮೇಲೆ ದುಡ್ಡು ಹಾಕಿ. ಐಸ್ ಇದ್ದ ದಿನ ಹೊರಡದೇ ಇರೋದು ಇನ್ನೂ ಅಗ್ಗ. ಯಜಮಾನರದು ಆಸ್ಪತ್ರೆ ಕೆಲಸ, ಹೋಗಲೇಬೇಕಾಗುತ್ತದೆ. ಮುನ್ಸೂಚನೆ ನೋಡಿ ಹಿಂದಿನ ರಾತ್ರಿಯೇ ಬಟ್ಟೆ ತಗೊಂಡು ಅಲ್ಲೇ ಹೋಗಿ ಮಲಗುವವರು ನಮ್ಮಲ್ಲಿ ಇದ್ದಾರೆ.

ದೊಡ್ಡ ಹಿಮವೂ ಬರದೇ ಇಲ್ಲ. 1993ರ ಮಾರ್ಚ್‌ನಲ್ಲಿ ಮೌಂಟ್ ಮಿಚೆಲ್ ಮೇಲೆ 50 ಇಂಚು ಬಿದ್ದಿತ್ತು. ಅದೂ ವಸಂತ ಶುರುವಾಗುವ ಹೊತ್ತಿಗೆ. ನಮ್ಮ ಬೀದಿಯ ಹಿರಿಯರು ಇವತ್ತಿಗೂ ಆ ಕಥೆ ಹೇಳುತ್ತಾರೆ. ನೀವು ಬರೋದೂ ಮಾರ್ಚ್‌ಗೇ, ಜಾಕೆಟ್ಟನ್ನು ಪೆಟ್ಟಿಗೆಯ ತಳಕ್ಕೆ ಹಾಕಬೇಡಿ. 2022ರ ಕ್ರಿಸ್‌ಮಸ್‌ನಲ್ಲಿ ಹಿಮವೇ ಇರಲಿಲ್ಲ, ಬರೀ ಚಳಿ. ಪೈಪುಗಳು ಒಡೆದು ನಗರದ ಕೆಲವು ಕಡೆ ಒಂದು ವಾರಕ್ಕೂ ಜಾಸ್ತಿ ನೀರಿರಲಿಲ್ಲ. ಚಳಿ ಜಾಸ್ತಿ ಅಂತ ಹೇಳಿದ ರಾತ್ರಿ ನಲ್ಲಿಯನ್ನು ಹನಿ ಹನಿ ಬಿಟ್ಟು ಮಲಗಿ. ಸಿಂಕ್ ಕೆಳಗಿನ ಬೀರುವಿನ ಬಾಗಿಲು ತೆಗೆದಿಡಿ.

ಹೊಳೆ ಆದರೂ ಐಸ್ ಆದರೂ ಕೊನೆಗೆ ಒಂದೇ ಜಾಗಕ್ಕೆ ಬರುತ್ತದೆ: ನೀವು ಮನೆಯಲ್ಲಿ, ರಸ್ತೆ ಇಲ್ಲ, ಕರೆಂಟಿಲ್ಲ, ನೀರಿಲ್ಲ. ಹಾಗಾಗಿ ಎರಡು ಮನೆಯಲ್ಲಿ ಯಾವುದು ಅಂದರೆ, ಹೊಳೆ ಪಕ್ಕದ್ದು ಬೇಡವೇ ಬೇಡ. ಫೋಟೊದಲ್ಲಿ ಹಿಂದಿನ ಅಂಗಳಕ್ಕೆ ತಾಗಿ ನೀರು ಕಾಣುತ್ತಿದೆ, ನೆಲದಿಂದ ಮನೆ ಎರಡು ಅಡಿಯೂ ಎತ್ತರ ಇಲ್ಲ. ಗುಡ್ಡದ್ದು ಬೇಕೋ ಬೇಡವೋ ಅಂತ ದಾರಿ ನೋಡಿದ ಮೇಲೆ ಹೇಳಬೇಕು. ಆ ರಸ್ತೆ ಯಾರದ್ದು ಅಂತ ಕೇಳಿ. ರಾಜ್ಯದ್ದಾದರೆ ಅವರು ಸರಿಮಾಡೋದು ಮೊದಲು ಹೆದ್ದಾರಿ, ಆಮೇಲೆ ದೊಡ್ಡ ರಸ್ತೆ, ಕೊನೆಗೆ ನಿಮ್ಮದು. ಆದರೂ ಬರುತ್ತಾರೆ. ಖಾಸಗಿಯದ್ದಾದರೆ ಯಾರೂ ಬರಲ್ಲ. ನಮ್ಮದು ಖಾಸಗಿ ಓಣಿ. ಮೋರಿ ಹಾಕಿಸಿ ರಸ್ತೆ ತುಂಬಿಸಲು ಆರು ಮನೆಯವರು ದುಡ್ಡು ಹಾಕಿದೆವು. ಅದರಲ್ಲಿ ಒಂದು ಮನೆಯವರು ಇನ್ನೂ ಕೊಟ್ಟಿಲ್ಲ, ಅದು ಬಿಡಿ.

ಮನೆ ನೋಡಲು ಹೋದಾಗ ಕಾರನ್ನು ಬುಡದಲ್ಲೇ ನಿಲ್ಲಿಸಿ ನಡೆದು ಹತ್ತಿ. ದಾರಿ ಎಷ್ಟು ಕಡೆ ನೀರು ದಾಟುತ್ತದೆ ಎಣಿಸಿ. ಮೋರಿಯ ಬಾಯಿ ಎಷ್ಟು ದೊಡ್ಡದು, ಒಳಗೆ ಕಸ ಕಟ್ಟಿದೆಯಾ ಬಗ್ಗಿ ನೋಡಿ. ಮನೆಯ ಹಿಂದೆ ಗುಡ್ಡ ಕಡಿದು ಧರೆ ಮಾಡಿದ್ದಾರಾ, ಮುಂದೆ ಮಣ್ಣು ತುಂಬಿಸಿ ಅಂಗಳ ಮಾಡಿದ್ದಾರಾ? ಮರಗಳು ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾಗಿದ್ದರೆ ಆ ಮಣ್ಣು ನಿಧಾನಕ್ಕೆ ಜಾರುತ್ತಿರಬಹುದು. ಎರಡು ಗುಡ್ಡ ಕೂಡುವ ಸಂದಿಯಲ್ಲಿ, ನೀರು ಇಳಿಯುವ ಕೊರಕಲಿನ ಬಾಯಲ್ಲಿ ಮನೆ ಬೇಡ. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಆದದ್ದು ನೆನಪಿರಬೇಕಲ್ಲ, ಇಲ್ಲೂ ಅದೇ ಲೆಕ್ಕ. 2004ರಲ್ಲಿ ಮೇಕನ್ ಕೌಂಟಿಯ ಪೀಕ್ಸ್ ಕ್ರೀಕ್‌ನಲ್ಲಿ ಬೆಟ್ಟದಿಂದ ಕೆಸರು, ಬಂಡೆ, ಮರ ಎಲ್ಲ ಒಟ್ಟಿಗೆ ಇಳಿದು ಐದು ಜನ ಹೋದರು. ಆಮೇಲೆ ರಾಜ್ಯದ ಭೂವಿಜ್ಞಾನದವರು ಧರೆ ಕುಸಿತದ ನಕ್ಷೆ ಮಾಡಲು ಶುರು ಮಾಡಿದರು. 2011ರಲ್ಲಿ ದುಡ್ಡು ನಿಂತಿತು, 2018ರಲ್ಲಿ ಮತ್ತೆ ಶುರುವಾಯಿತು. ಆ ನಕ್ಷೆಯಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. ಹೊಳೆಗಳ ಮಟ್ಟ ತೋರಿಸಲು ರಾಜ್ಯದ್ದೇ ಫೈಮ್ಯಾನ್ (FIMAN) ಅನ್ನುವ ಜಾಲತಾಣ ಇದೆ, ಫೋನಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಇನ್ನೊಂದು, ಇಳಿಜಾರು ಉತ್ತರಕ್ಕೆ ಮುಖ ಮಾಡಿದ್ದರೆ ಐಸ್ ಕರಗಲು ನಾಲ್ಕು ದಿನ ಹೆಚ್ಚು ಬೇಕು. ದಕ್ಷಿಣಕ್ಕಿದ್ದರೆ ಮಧ್ಯಾಹ್ನಕ್ಕೆ ರಸ್ತೆ ಕಾಣುತ್ತದೆ.

ವಿಮೆ. ಇಲ್ಲಿ ಮನೆ ವಿಮೆ ಅಂದರೆ ಬೆಂಕಿ, ಗಾಳಿ, ಬಿದ್ದ ಮರ. ಪ್ರವಾಹ ಅದರೊಳಗೆ ಬರಲ್ಲ, ಅದಕ್ಕೆ ಬೇರೆ ಪಾಲಿಸಿ. ನಮ್ಮ ಪರಿಚಯದವರೊಬ್ಬರಿಗೆ ಇಪ್ಪತ್ತು ವರ್ಷ ಕಂತು ಕಟ್ಟಿದ ಮೇಲೆ ಕಂಪನಿಯವರು ಒಂದೇ ಪುಟದ ಪತ್ರ ಕಳಿಸಿ ಕೈ ತೊಳೆದುಕೊಂಡರು. ಕೇಂದ್ರ ಸರ್ಕಾರದ ಪ್ರವಾಹ ವಿಮೆ ಕಟ್ಟಡಕ್ಕೆ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್ ತನಕ ಸಿಗುತ್ತದೆ. ಆದರೆ ಸಾಮಾನ್ಯವಾಗಿ ಕೊಂಡ 30 ದಿನದ ಮೇಲೆ ಜಾರಿಗೆ ಬರುತ್ತದೆ, ಮೋಡ ಕಂಡ ಮೇಲೆ ಓಡಿದರೆ ಆಗಲ್ಲ. ಬಾಡಿಗೆಗೆ ಇದ್ದರೂ ಸಾಮಾನಿಗೆ ಮಾತ್ರ ಮಾಡಿಸಬಹುದು. ಧರೆ ಕುಸಿತಕ್ಕೆ ಈ ಎರಡೂ ಸಾಮಾನ್ಯವಾಗಿ ಕೊಡಲ್ಲ. ಮುಂದೆ ಮನೆ ಕೊಳ್ಳುವಾಗ, 2024ರ ಜುಲೈನಿಂದ ಮಾರುವವರು ಹಿಂದಿನ ಪ್ರವಾಹದ ವಿವರ ಫಾರ್ಮ್‌ನಲ್ಲಿ ಬರೆದುಕೊಡಬೇಕು ಅಂತ ಈ ರಾಜ್ಯದಲ್ಲಿ ಬಂದಿದೆ. ಕೇಳಿ ತಗೊಳ್ಳಿ. ನಾನಾದರೆ ಮೊದಲ ವರ್ಷ ಬಾಡಿಗೆಗೇ ಇರುತ್ತಿದ್ದೆ. ಒಂದು ಮಳೆ, ಒಂದು ಚಳಿ ಕಳೆಯಲಿ.

ಮನೆಯಲ್ಲಿ ಇಟ್ಟುಕೊಳ್ಳೋದು ಜಾಸ್ತಿ ಏನಿಲ್ಲ. ತಲೆಗೆ ದಿನಕ್ಕೆ ಒಂದು ಗ್ಯಾಲನ್ ಅಂತ ಎರಡು ವಾರದ ಕುಡಿಯುವ ನೀರು. ಮೂರು ದಿನಕ್ಕೆ ಸಾಕು ಅಂತ ಸರ್ಕಾರಿ ಪಟ್ಟಿಗಳು ಹೇಳುತ್ತಿದ್ದವು, ನಾನು ನಂಬಲ್ಲ. ಬ್ಯಾಟರಿ ರೇಡಿಯೊ. ಆ ವಾರಗಳಲ್ಲಿ ಇಡೀ ಊರು ನಿಂತಿದ್ದೇ ರೇಡಿಯೊ ಸುದ್ದಿಯ ಮೇಲೆ, ಯಾರದ್ದಾದರೂ ಕಾರಿನ ಬಾಗಿಲು ತೆಗೆದಿಟ್ಟು ಸುತ್ತ ನಿಂತು ಕೇಳುತ್ತಿದ್ದೆವು. ಒಂದಷ್ಟು ನಗದು, ಕಾರ್ಡ್ ಯಂತ್ರ ಕೆಲಸ ಮಾಡಲ್ಲ. ಕಾರಿನಲ್ಲಿ ಯಾವಾಗಲೂ ಅರ್ಧ ಟ್ಯಾಂಕ್. ಸಣ್ಣ ಗ್ಯಾಸ್ ಒಲೆ, ಜೊತೆಗೆ ಊರಿಂದ ತಂದ ಕುಕ್ಕರ್. ಕಡಿಮೆ ನೀರು, ಕಡಿಮೆ ಗ್ಯಾಸಿನಲ್ಲಿ ಅನ್ನ ಬೇಳೆ ಆಗುತ್ತದೆ. ನಮ್ಮ ಓಣಿಯ ಅಮೆರಿಕನ್ನರೆಲ್ಲ ಎರಡನೇ ದಿನದಿಂದ ಅದರ ಸೀಟಿ ಕೇಳಿಯೇ ತಟ್ಟೆ ಹಿಡಿದು ಬರುತ್ತಿದ್ದರು. ಒಲೆಯಾಗಲಿ ಜನರೇಟರ್ ಆಗಲಿ ಮನೆಯೊಳಗೆ, ಗ್ಯಾರೇಜಿನೊಳಗೆ ಹಚ್ಚಬೇಡಿ. ಅದರ ಹೊಗೆಯಲ್ಲಿರುವ ವಿಷಕ್ಕೆ ವಾಸನೆಯಿಲ್ಲ. ಮಲಗಿದವರು ಏಳಲ್ಲ.

ಪ್ರವಾಹದ ಎಚ್ಚರಿಕೆ ಬಂದಾಗ ಅದನ್ನು ಪೂರ್ತಿ ಓದಿ. ಆ ಸಲ ಹವಾಮಾನ ಕಚೇರಿಯವರು 1916ರ ಹೆಸರು ಹಿಡಿದೇ ಎಚ್ಚರಿಸಿದ್ದರು. ನಾನೂ ಓದಿದ್ದೆ. ಓದಿ, ಮಕ್ಕಳಿಗೆ ನಾಳೆ ಶಾಲೆ ರಜ ಅಂತ ಹೇಳಿ, ದೋಸೆ ಹಿಟ್ಟು ರುಬ್ಬಿಟ್ಟು ಮಲಗಿದ್ದೆ.

ಅಮ್ಮನನ್ನು ಏಪ್ರಿಲ್ ಕೊನೆಗೆ ಕರೆಸಿ, ಆಗಸ್ಟ್‌ಗೆ ಮುಂಚೆ ಕಳಿಸಿ. ಡಾಗ್‌ವುಡ್ ಹೂ ಬಿಟ್ಟಿರುತ್ತದೆ, ನಡೆಯೋಕೆ ರಸ್ತೆ ಒಣಗಿರುತ್ತದೆ. ಜನವರಿ ಫೆಬ್ರವರಿಯಲ್ಲಿ ಬೇಡ. ನಮ್ಮತ್ತೆ ಒಂದು ಸಲ ಜನವರಿಯಲ್ಲಿ ಬಂದು, ರಂಗೋಲಿ ಹಾಕಲು ಹೊಸ್ತಿಲು ದಾಟಿ ಮೊದಲನೇ ಮೆಟ್ಟಿಲಲ್ಲೇ ಜಾರಿ ಮಣಿಕಟ್ಟು ಮುರಿದುಕೊಂಡರು. ಮೆಟ್ಟಿಲಿಗೆ ಹಾಕುವ ಉಪ್ಪಿನ ಚೀಲ ಅಕ್ಟೋಬರ್‌ನಲ್ಲೇ ತಂದಿಡಿ, ಐಸ್ ಬರುತ್ತೆ ಅಂತ ಟಿವಿಯಲ್ಲಿ ಹೇಳಿದ ದಿನ ಅಂಗಡಿಯಲ್ಲಿ ಉಪ್ಪೂ ಇರಲ್ಲ, ಹಾಲೂ ಇರಲ್ಲ, ಬ್ರೆಡ್ಡೂ ಇರಲ್ಲ. ಗುಡ್ಡದ ಮನೆಯ ವಿಳಾಸ ನನಗೆ ಖಾಸಗಿಯಾಗಿ ಕಳಿಸಿ. ಶನಿವಾರ ನಾನೇ ಹೋಗಿ ಆ ದಾರಿ ನಡೆದು ನೋಡಿ, ಮೋರಿಯ ಫೋಟೊ ಕಳಿಸುತ್ತೇನೆ.